ಸಿಲಿಕೋನ್ ಚೀಲವೂ ತಿದ್ದುಪಡಿಯ ಚರಿತ್ರೆಯೂ

ಕಾಲಿಗೆ ಚುಚ್ಚಿದ ಮುಳ್ಳನ್ನು ಕೀಳದೆ ಬಿಟ್ಟರೆ ಏನಾಗುತ್ತದೆಂಬುದು ಬರಿಗಾಲಲ್ಲಿ ಗದ್ದೆ ತೋಟ ಸುತ್ತಿದವರಿಗೆಲ್ಲ ಗೊತ್ತು. ಒಂದೋ ಅದು ಕೀವಾಗಿ ಹೊರಗೆ ಬರುತ್ತದೆ, ಇಲ್ಲವೇ ಅದರ ಸುತ್ತ ಗಟ್ಟಿಯಾದ ಗಂಟು ಕಟ್ಟಿಕೊಂಡು ಅಲ್ಲಿಯೇ ಉಳಿದುಬಿಡುತ್ತದೆ. ದೇಹವು ತನ್ನದಲ್ಲದ ವಸ್ತುವಿನೊಡನೆ ವ್ಯವಹರಿಸುವ ರೀತಿಯೇ ಇದು. ಹೊರಹಾಕಲು ಸಾಧ್ಯವಾದರೆ ಹೊರಹಾಕುವುದು, ಆಗದಿದ್ದರೆ ಸುತ್ತ ಗೋಡೆ ಎಬ್ಬಿಸುವುದು. ಆ ಗೋಡೆ ನಾರಿನಂತಹ ಅಂಗಾಂಶದಿಂದ ಆದದ್ದು. ಹೃದಯದ ಪೇಸ್‌ಮೇಕರ್ ಇರಲಿ, ಯುದ್ಧದಲ್ಲಿ ಮೈಹೊಕ್ಕ ಗುಂಡಿನ ಚೂರಿರಲಿ, ಸ್ತನದೊಳಗಿಟ್ಟ ಸಿಲಿಕೋನ್ ಚೀಲವಿರಲಿ, ದೇಹಕ್ಕೆ ಎಲ್ಲವೂ ಮುಳ್ಳೇ.

ಗೋಡೆ ಎದ್ದರೆ ತೊಂದರೆಯಿಲ್ಲ. ತೆಳುವಾದ ಪೊರೆಯಾಗಿ ಉಳಿದರೆ ಅದು ಇರುವುದೇ ತಿಳಿಯುವುದಿಲ್ಲ. ತೊಂದರೆ ಶುರುವಾಗುವುದು ಆ ಪೊರೆ ದಪ್ಪವಾಗಿ ಸಂಕುಚಿಸತೊಡಗಿದಾಗ. ಒಳಗಿನ ಚೀಲ ಮೆತ್ತಗೇ ಇರುತ್ತದೆ, ಆದರೆ ಅದನ್ನು ಸುತ್ತಿದ ಪೊರೆ ಮುಷ್ಟಿಯಂತೆ ಬಿಗಿಯುವುದರಿಂದ ಎದೆ ಚೆಂಡಿನಂತೆ ಗುಂಡಗಾಗಿ, ಗಟ್ಟಿಯಾಗಿ, ಕೊನೆಗೆ ನೋಯಲಾರಂಭಿಸುತ್ತದೆ. ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಬೇಕರ್ 1970ರ ದಶಕದಲ್ಲಿ ಇದಕ್ಕೆ ನಾಲ್ಕು ದರ್ಜೆಗಳನ್ನು ಗೊತ್ತುಮಾಡಿದ. ಮೊದಲನೆಯದರಲ್ಲಿ ಸ್ತನ ಸಹಜವಾಗಿರುತ್ತದೆ, ಎರಡನೆಯದರಲ್ಲಿ ಮುಟ್ಟಿದರೆ ತುಸು ಗಟ್ಟಿ, ಮೂರನೆಯದರಲ್ಲಿ ಕಣ್ಣಿಗೂ ವಿಕಾರ, ನಾಲ್ಕನೆಯದರಲ್ಲಿ ನೋವು. ಇಂದಿಗೂ ಪ್ರಪಂಚದ ಆಸ್ಪತ್ರೆಗಳಲ್ಲಿ ಈ ದರ್ಜೆಗಳೇ ಬಳಕೆಯಲ್ಲಿವೆ. ಸ್ತನದ ಇಂಪ್ಲಾಂಟ್ ಹಾಕಿಸಿಕೊಂಡವರು ಮತ್ತೆ ಆಪರೇಷನ್ ಮೇಜಿನ ಮೇಲೆ ಮಲಗಬೇಕಾಗಿ ಬರುವುದಕ್ಕೆ ಮುಖ್ಯ ಕಾರಣಗಳಲ್ಲಿ ಈ ಪೊರೆಯ ಬಿಗಿತ ಒಂದು. ಇದನ್ನು ತಿದ್ದಲು ನಡೆದ ಪ್ರಯತ್ನಗಳ ಕಥೆ ಅರವತ್ತು ವರ್ಷಗಳಷ್ಟು ಉದ್ದವಾಗಿದೆ. ಆ ಕಥೆಯಲ್ಲಿ ಒಂದು ವಿಚಿತ್ರ ಲಯವಿದೆ: ಒಂದು ತೊಂದರೆಗೆ ಕಂಡುಕೊಂಡ ಪರಿಹಾರವೇ ಮುಂದಿನ ತೊಂದರೆಗೆ ತಾಯಿಯಾಗುತ್ತ ಬಂದಿದೆ.

ಸಿಲಿಕೋನಿಗಿಂತ ಹಿಂದೆಯೂ ಪ್ರಯತ್ನಗಳು ನಡೆದಿದ್ದವು. 1895ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ವಿನ್ಸೆಂಟ್ ಚೆರ್ನಿ ಎಂಬ ಶಸ್ತ್ರವೈದ್ಯ ಗಾಯಕಿಯೊಬ್ಬಳ ಸ್ತನದಿಂದ ಗಡ್ಡೆ ತೆಗೆದಾಗ ಉಂಟಾದ ಹಳ್ಳವನ್ನು ಆಕೆಯ ಮೈಯಲ್ಲೇ ಬೆಳೆದಿದ್ದ ಕೊಬ್ಬಿನ ಗಂಟಿನಿಂದ ತುಂಬಿದ. ಹಾಗೆ ನೋಡಿದರೆ ಆರಂಭ ಚೆನ್ನಾಗಿಯೇ ಇತ್ತು. ನಾಲ್ಕು ವರ್ಷಗಳ ತರುವಾಯ ವಿಯೆನ್ನಾದ ರಾಬರ್ಟ್ ಗೆರ್ಸುನಿ ಮೇಣದಂತಹ ಪ್ಯಾರಾಫಿನ್ನನ್ನು ಕರಗಿಸಿ ಸೂಜಿಯಿಂದ ಚುಚ್ಚುವ ವಿಧಾನ ತಂದ. ಮೂಗು, ಕೆನ್ನೆ, ಸ್ತನ ಎಲ್ಲಕ್ಕೂ ಪ್ಯಾರಾಫಿನ್ ಹೋಯಿತು. ಕೆಲವು ವರ್ಷಗಳಲ್ಲಿ ಅದು ಜರುಗಿ, ಗಂಟುಕಟ್ಟಿ, ಹುಣ್ಣಾಗಿ, ಕೆಲವರ ಸ್ತನಗಳನ್ನೇ ಕತ್ತರಿಸಿ ತೆಗೆಯಬೇಕಾಯಿತು. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ದ್ರವರೂಪದ ಸಿಲಿಕೋನನ್ನು ನೇರವಾಗಿ ಸ್ತನಕ್ಕೆ ಚುಚ್ಚುವ ಪದ್ಧತಿ ಹಬ್ಬಿ, ಅಲ್ಲಿಂದ ಅಮೆರಿಕದ ಲಾಸ್ ವೇಗಾಸ್ ನಗರದ ನರ್ತಕಿಯರವರೆಗೂ ಹೋಯಿತು. ಮತ್ತದೇ ಗಂಟು, ಮತ್ತದೇ ಹುಣ್ಣು. 1970ರ ದಶಕದಲ್ಲಿ ನೆವಾಡ ರಾಜ್ಯ ಇದನ್ನು ಅಪರಾಧವೆಂದೇ ಸಾರಬೇಕಾಯಿತು. ಇವುಗಳ ನಡುವೆ 1950ರ ದಶಕದಲ್ಲಿ ಐವಲಾನ್ ಎಂಬ ಪ್ಲಾಸ್ಟಿಕ್ ಸ್ಪಂಜನ್ನೂ ಸ್ತನದೊಳಗೆ ಇಟ್ಟು ನೋಡಿದ್ದರು. ದೇಹದ ನಾರು ಅಂಗಾಂಶ ಸ್ಪಂಜಿನ ರಂಧ್ರಗಳೊಳಗೆ ಬೆಳೆದು ಅದು ಕುಗ್ಗಿ ಮರದ ತುಂಡಿನಂತಾಗುತ್ತಿತ್ತು.

ಚುಚ್ಚಿದ ದ್ರವ ಹರಿದಾಡುತ್ತದೆ, ಸ್ಪಂಜು ಗಟ್ಟಿಯಾಗುತ್ತದೆ. ಹಾಗಾದರೆ ದ್ರವವನ್ನು ಚೀಲದಲ್ಲಿ ಕಟ್ಟಿಟ್ಟರೆ? ಟೆಕ್ಸಾಸ್‌ನ ಹ್ಯೂಸ್ಟನ್ ನಗರದಲ್ಲಿ ಫ್ರಾಂಕ್ ಜೆರೋ ಎಂಬ ಯುವ ವೈದ್ಯನಿಗೆ ಇದು ಹೊಳೆದದ್ದು, ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಅಮುಕಿದಾಗ ಎಂದು ಹೇಳುತ್ತಾರೆ. ಆತ ಮತ್ತು ಆತನ ಹಿರಿಯ ಥಾಮಸ್ ಕ್ರೋನಿನ್ ಸೇರಿ ಡೌ ಕಾರ್ನಿಂಗ್ ಕಂಪನಿಯ ನೆರವಿನಿಂದ ಸಿಲಿಕೋನ್ ರಬ್ಬರಿನ ಚೀಲದೊಳಗೆ ಲೋಳೆಯಂತಹ ಸಿಲಿಕೋನ್ ಜೆಲ್ ತುಂಬಿದರು. ಮೊದಲ ಪ್ರಯೋಗ ಎಸ್ಮೆರಾಲ್ಡಾ ಎಂಬ ಹೆಣ್ಣುನಾಯಿಯ ಮೇಲೆ. 1962ರಲ್ಲಿ ಟಿಮ್ಮಿ ಜೀನ್ ಲಿಂಡ್ಸಿ ಎಂಬ ಆರು ಮಕ್ಕಳ ತಾಯಿ, ಎದೆಯ ಮೇಲಿನ ಹಚ್ಚೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಬಂದವಳು, ಈ ಚೀಲಗಳನ್ನು ಧರಿಸಿದ ಪ್ರಪಂಚದ ಮೊದಲ ಮಹಿಳೆಯಾದಳು. ಆಕೆಗೆ ಸ್ತನದ ಬಗ್ಗೆ ಚಿಂತೆಯೇ ಇರಲಿಲ್ಲ. ಮುಂದಕ್ಕೆ ಚಾಚಿದ್ದ ಕಿವಿಗಳನ್ನು ಸರಿಪಡಿಸಿಕೊಳ್ಳಬೇಕೆಂಬ ಆಸೆಯಿತ್ತು. ವೈದ್ಯರು ಅದನ್ನೂ ಮಾಡಿಕೊಡುವುದಾಗಿ ಹೇಳಿದ ಮೇಲೆ ಆಕೆ ಒಪ್ಪಿಕೊಂಡಳು. ಐವತ್ತು ವರ್ಷಗಳ ಮೇಲೆ, 2012ರಲ್ಲಿ ಪತ್ರಕರ್ತರು ಮಾತನಾಡಿಸಿದಾಗಲೂ ಆ ಚೀಲಗಳು ಆಕೆಯ ಎದೆಯಲ್ಲೇ ಇದ್ದವು.

ಆ ಕಾಲದ ಅಮೆರಿಕದಲ್ಲಿ ಇಂತಹ ಸಾಧನಗಳಿಗೆ ಸರ್ಕಾರದ ಪೂರ್ವಾನುಮತಿ ಬೇಕಿರಲಿಲ್ಲ. ವೈದ್ಯಕೀಯ ಸಾಧನಗಳ ಕಾನೂನು ಬಂದದ್ದೇ 1976ರಲ್ಲಿ. ಅಷ್ಟು ಹೊತ್ತಿಗೆ ಚೀಲಗಳು ಮಾರುಕಟ್ಟೆಯಲ್ಲಿ ಹದಿಮೂರು ವರ್ಷ ಕಳೆದಿದ್ದವು. ಮೊದಲೇ ಇದ್ದದ್ದನ್ನು ಕಾನೂನು ಹಾಗೆಯೇ ಇರಗೊಟ್ಟಿತು. ವೈದ್ಯರ ಸಂಘ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘ 1982ರಲ್ಲಿ ಆಹಾರ ಮತ್ತು ಔಷಧ ಆಡಳಿತಕ್ಕೆ ಸಲ್ಲಿಸಿದ ಮನವಿಯಲ್ಲಿ ಚಿಕ್ಕ ಸ್ತನಗಳು ಒಂದು ಬಗೆಯ ವಿಕಲತೆ, ನಿಜಕ್ಕೂ ಒಂದು ರೋಗ ಎಂದು ವಾದಿಸಿತು. ಔಷಧಿ ಮೊದಲು ಹುಟ್ಟಿ ರೋಗ ಆಮೇಲೆ ಹುಟ್ಟಿದ ಉದಾಹರಣೆಗಳು ವೈದ್ಯಚರಿತ್ರೆಯಲ್ಲಿ ಅಪರೂಪವೇನಲ್ಲ. ಆದರೆ ಇಷ್ಟು ಬಿಚ್ಚುಮನಸ್ಸಿನಿಂದ ಬರೆದುಕೊಟ್ಟದ್ದು ಅಪರೂಪ.

ಹೆಬ್ಬೆರಳಿನ ಚಿಕಿತ್ಸೆ

ಪೊರೆಯ ಬಿಗಿತಕ್ಕೆ ಮೊದಮೊದಲು ದೊರೆತ ಮದ್ದು ಕೇಳಿದರೆ ಇಂದಿನವರು ನಂಬಲಾರರು. ವೈದ್ಯ ಎರಡೂ ಕೈಗಳಿಂದ ಗಟ್ಟಿಯಾದ ಸ್ತನವನ್ನು ಹಿಡಿದು ಬಲವಾಗಿ ಅಮುಕುವುದು. ಒಳಗಿನ ನಾರುಪೊರೆ ಹರಿದು ಟಪ್ಪೆಂದು ಸದ್ದಾದರೆ ಚಿಕಿತ್ಸೆ ಫಲಿಸಿತೆಂದು ಅರ್ಥ. ಕತ್ತಿ ಬೇಡ, ಆಸ್ಪತ್ರೆವಾಸ ಬೇಡ, ಖರ್ಚಿಲ್ಲ. 1970ರ ದಶಕದ ನಡುವಿನಿಂದ ಈ ವಿಧಾನ ಜನಪ್ರಿಯವಾಯಿತು. ಹೀಗೆ ಅಮುಕಿ ಅಮುಕಿ ತಮ್ಮ ಹೆಬ್ಬೆರಳಿನ ಕೀಲನ್ನೇ ಉಳುಕಿಸಿಕೊಂಡ ವೈದ್ಯರ ವರದಿಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ. ವೈದ್ಯನ ಬೆರಳೇ ಉಳುಕುವಷ್ಟು ಬಲ ಬಿದ್ದರೆ ಒಳಗಿನ ಚೀಲದ ಗತಿಯೇನು? ಪೊರೆಯ ಜೊತೆ ಚೀಲವೂ ಒಡೆಯುತ್ತಿತ್ತು, ರಕ್ತ ಸೋರುತ್ತಿತ್ತು. ಅಷ್ಟಾಗಿಯೂ ಕೆಲವು ತಿಂಗಳಲ್ಲಿ ಪೊರೆ ಮತ್ತೆ ಬಿಗಿಯುತ್ತಿದ್ದುದುಂಟು. ತಯಾರಕರೂ ಸರ್ಕಾರವೂ ಬೇಡವೆಂದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು.

ಎರಡನೆಯ ಮದ್ದು ಸ್ಟೀರಾಯ್ಡ್. ಉರಿಯೂತವನ್ನು ತಗ್ಗಿಸುವ ಈ ಔಷಧಿ ಪೊರೆ ದಪ್ಪವಾಗದಂತೆ ತಡೆಯಬಹುದೆಂಬುದು ತರ್ಕ. ಒಂದರೊಳಗೊಂದು ಇರುವ ಎರಡು ಪದರಗಳ ಚೀಲ ಮಾಡಿ, ಹೊರಪದರದ ಉಪ್ಪುನೀರಿಗೆ ಸ್ಟೀರಾಯ್ಡ್ ಬೆರೆಸಿ, ಅದು ನಿಧಾನವಾಗಿ ಜಿನುಗುವಂತೆ ಏರ್ಪಾಟು ಮಾಡಿದರು. ಪೊರೆಯೇನೋ ಮೆತ್ತಗಾಯಿತು. ಆದರೆ ಸ್ಟೀರಾಯ್ಡಿಗೆ ಪೊರೆ ಯಾವುದು, ಚರ್ಮ ಯಾವುದು ಎಂಬ ಭೇದ ತಿಳಿಯದು. ಸ್ತನದ ಚರ್ಮವೂ ಮಾಂಸವೂ ತೆಳುವಾಗಿ, ಚೀಲ ಕೆಳಕ್ಕೆ ಜಾರಿ, ಕೆಲವರಲ್ಲಿ ಚರ್ಮ ಸೀಳಿ ಹೊರಗೇ ಇಣುಕಿತು.

ಮೂರನೆಯದು ತಯಾರಕರ ಉಪಾಯ. ಸ್ತನ ಗಟ್ಟಿಯೆನಿಸುವುದಕ್ಕೆ ಚೀಲದ ದಪ್ಪ ರಬ್ಬರೂ ಕಾರಣವಿರಬಹುದೆಂದು 1970ರ ದಶಕದಲ್ಲಿ ಚೀಲವನ್ನು ತೆಳುವಾಗಿಸಿದರು, ಒಳಗಿನ ಜೆಲ್ಲನ್ನು ಇನ್ನಷ್ಟು ನೀರಾಗಿಸಿದರು. ಕೈಗೆ ಹಿತವಾಗಿತ್ತು. ಆದರೆ ಹೊಸ ಚೀಲಗಳು ಮೇಜಿನ ಮೇಲಿಟ್ಟಲ್ಲೇ ಎಣ್ಣೆ ಬೆವರುತ್ತಿದ್ದವು. 1975ರಲ್ಲಿ ಡೌ ಕಾರ್ನಿಂಗ್ ತನ್ನ ಮಾರಾಟಗಾರರಿಗೆ, ವೈದ್ಯರಿಗೆ ತೋರಿಸುವ ಮುನ್ನ ಮಾದರಿ ಚೀಲವನ್ನು ಸೋಪು ಹಚ್ಚಿ ತೊಳೆದು ಒರೆಸಿಕೊಳ್ಳುವಂತೆ ಕೊಟ್ಟ ಸೂಚನೆ ಮುಂದೆ ನ್ಯಾಯಾಲಯಗಳಲ್ಲಿ ಬಹಳ ಮಾತಿಗೆ ಗುರಿಯಾಯಿತು. ತೆಳು ಚೀಲಗಳು ಒಡೆದದ್ದೂ ಹೆಚ್ಚು. ಒಡೆದದ್ದು ಹೊರಗಿನಿಂದ ಗೊತ್ತಾಗುತ್ತಲೂ ಇರಲಿಲ್ಲ, ಏಕೆಂದರೆ ದೇಹ ಕಟ್ಟಿದ ಪೊರೆಯೇ ಜೆಲ್ಲನ್ನು ಹಿಡಿದಿಟ್ಟುಕೊಂಡಿರುತ್ತಿತ್ತು. ಶತ್ರುವೆಂದುಕೊಂಡ ಗೋಡೆ ಇಲ್ಲಿ ಕಾವಲಾಯಿತು.

ನಾಲ್ಕನೆಯ ಉಪಾಯ ಎಲ್ಲಕ್ಕಿಂತ ಜಾಣತನದ್ದು. ನಯವಾದ ಚೀಲದ ಸುತ್ತ ನಾರುಗಳು ಹೆಣೆದ ಬುಟ್ಟಿಯಂತೆ ಒಂದೇ ದಿಕ್ಕಿನಲ್ಲಿ ಸುತ್ತಿಕೊಳ್ಳುವುದರಿಂದಲೇ ಅವು ಒಟ್ಟಾಗಿ ಬಿಗಿಯಬಲ್ಲವು. ಮೇಲ್ಮೈ ಒರಟಾಗಿದ್ದರೆ ನಾರುಗಳು ಚೆಲ್ಲಾಪಿಲ್ಲಿಯಾಗಿ ಬೆಳೆದು ಒಗ್ಗಟ್ಟಾಗಿ ಎಳೆಯಲಾರವು. 1970ರ ಸುಮಾರಿಗೆ ಪಾಲಿಯುರೆಥೇನ್ ಎಂಬ ನೊರೆಪದರ ಹೊದಿಸಿದ ಚೀಲ ಬಂತು, ಮುಂದಿನ ವರ್ಷಗಳಲ್ಲಿ ಬಿಗಿತ ನಿಜಕ್ಕೂ ಕಡಿಮೆಯಾದದ್ದು ಕಂಡಿತು. ಆದರೆ ಈ ನೊರೆ ದೇಹದೊಳಗೆ ಒಡೆದು, ಇಲಿಗಳಲ್ಲಿ ಕ್ಯಾನ್ಸರ್ ತರುವ ರಾಸಾಯನಿಕವೊಂದು ಹುಟ್ಟಬಹುದೆಂಬ ಅಂಜಿಕೆಯಿಂದ 1991ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ನೊರೆಯ ಹಂಗಿಲ್ಲದೆ ಸಿಲಿಕೋನನ್ನೇ ಒರಟಾಗಿಸುವ ಕಲೆ ಕೈಗೂಡಿತ್ತು. ಒಣಗುವ ಮುನ್ನ ರಬ್ಬರಿನ ಮೈಗೆ ಉಪ್ಪಿನ ಹರಳುಗಳನ್ನು ಒತ್ತಿ, ಆಮೇಲೆ ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ಹೋಗಿ ಸಣ್ಣ ಸಣ್ಣ ಕುಳಿಗಳು ಉಳಿಯುತ್ತವೆ. ಬಯೋಸೆಲ್ ಎಂಬ ಹೆಸರಿನ ಈ ಮೇಲ್ಮೈ ಮೂವತ್ತು ವರ್ಷ ಜಗತ್ತಿನಾದ್ಯಂತ ಮಾರಾಟವಾಯಿತು.

1997ರಲ್ಲಿ ಇಂಪ್ಲಾಂಟಿನ ಪಕ್ಕದಲ್ಲಿ ಕಾಣಿಸಿಕೊಂಡ ವಿರಳವಾದ ದುಗ್ಧರಸ ಕ್ಯಾನ್ಸರೊಂದರ ಬಗ್ಗೆ ಇಬ್ಬರು ವೈದ್ಯರು ಪತ್ರಿಕೆಯೊಂದಕ್ಕೆ ಬರೆದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ. ಅದು ಸ್ತನದ ಕ್ಯಾನ್ಸರಲ್ಲ. ರೋಗನಿರೋಧಕ ಕಣಗಳ ಕ್ಯಾನ್ಸರ್, ಆ ಪೊರೆಯಲ್ಲೇ ಹುಟ್ಟುವಂಥದ್ದು. ಶಸ್ತ್ರಚಿಕಿತ್ಸೆಯಾಗಿ ಸರಾಸರಿ ಎಂಟು ವರ್ಷಗಳ ಮೇಲೆ ಒಂದು ಕಡೆಯ ಸ್ತನ ಇದ್ದಕ್ಕಿದ್ದಂತೆ ನೀರು ತುಂಬಿ ಊದಿಕೊಳ್ಳುವುದು ಇದರ ಸಾಮಾನ್ಯ ಲಕ್ಷಣ. 2011ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಕೊಟ್ಟಿತು. ಪ್ರಕರಣಗಳನ್ನು ಒಟ್ಟುಹಾಕಿ ನೋಡಿದಾಗ ಬಹುಪಾಲು ಒರಟು ಮೈಯ ಚೀಲಗಳವೇ ಆಗಿದ್ದವು. 2019ರ ಜುಲೈ ಹೊತ್ತಿಗೆ ಜಗತ್ತಿನಲ್ಲಿ ದಾಖಲಾಗಿದ್ದ 573 ಪ್ರಕರಣಗಳಲ್ಲಿ 481 ಅಲರ್ಗಾನ್ ಕಂಪನಿಯ ಚೀಲಗಳಿಗೆ ಸಂಬಂಧಿಸಿದ್ದವು; ಸತ್ತವರು 33. ಆ ವರ್ಷ ಏಪ್ರಿಲ್‌ನಲ್ಲಿ ಫ್ರಾನ್ಸ್ ಹೆಚ್ಚು ಒರಟಾದ ಚೀಲಗಳನ್ನು ನಿಷೇಧಿಸಿತು, ಜುಲೈನಲ್ಲಿ ಅಲರ್ಗಾನ್ ಬಯೋಸೆಲ್ ಚೀಲಗಳನ್ನು ಜಗತ್ತಿನೆಲ್ಲೆಡೆಯಿಂದ ಹಿಂದಕ್ಕೆ ಕರೆಸಿಕೊಂಡಿತು. ಮಾರಾಟವಾಗದ ಚೀಲಗಳನ್ನು ಕರೆಸಿಕೊಳ್ಳಬಹುದು, ಎದೆಯೊಳಗೆ ಸೇರಿದ್ದನ್ನು ಕರೆಸಿಕೊಳ್ಳುವುದು ಹೇಗೆ? ಲಕ್ಷಣಗಳಿಲ್ಲದವರು ತೆಗೆಸಬೇಕಾಗಿಲ್ಲ, ಎಚ್ಚರದಿಂದಿದ್ದರೆ ಸಾಕು ಎಂಬುದು ಸರ್ಕಾರಗಳ ಸಲಹೆಯಾಗಿತ್ತು. ಎದೆಯೊಳಗೆ ಅದನ್ನು ಇಟ್ಟುಕೊಂಡೇ ಎಚ್ಚರದಿಂದಿರುವುದು ಸಲಹೆ ಕೊಟ್ಟಷ್ಟು ಸುಲಭವಲ್ಲ. ಬೇಗ ಪತ್ತೆಯಾದರೆ ಚೀಲವನ್ನೂ ಪೊರೆಯನ್ನೂ ಪೂರ್ತಿ ಕತ್ತರಿಸಿ ತೆಗೆಯುವುದರಿಂದಲೇ ಈ ಕ್ಯಾನ್ಸರ್ ಬಹುತೇಕ ಗುಣವಾಗುತ್ತದೆಂಬುದು ಸಮಾಧಾನದ ವಿಷಯ.

ನ್ಯಾಯಾಲಯದಲ್ಲಿ

ಇದಕ್ಕೂ ಮುಂಚೆ ಇನ್ನೊಂದು ಬಗೆಯ ಯುದ್ಧ ನಡೆದಿತ್ತು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಲಯವೊಂದು ಡೌ ಕಾರ್ನಿಂಗ್ ವಿರುದ್ಧ ಸುಮಾರು 17 ಲಕ್ಷ ಡಾಲರ್ ಪರಿಹಾರ ವಿಧಿಸಿತು. 1991ರಲ್ಲಿ ಅದೇ ನಗರದಲ್ಲಿ ಇನ್ನೊಬ್ಬ ಮಹಿಳೆಗೆ 73 ಲಕ್ಷ ಡಾಲರ್ ದೊರೆಯಿತು. ಕೀಲುನೋವು, ಸುಸ್ತು, ಚರ್ಮ ಬಿಗಿಯುವ ಕಾಯಿಲೆ ಮುಂತಾದವುಗಳಿಗೆ ಸೋರಿದ ಸಿಲಿಕೋನೇ ಕಾರಣವೆಂಬುದು ವಾದ. 1992ರ ಜನವರಿಯಲ್ಲಿ ಆಹಾರ ಮತ್ತು ಔಷಧ ಆಡಳಿತದ ಮುಖ್ಯಸ್ಥ ಡೇವಿಡ್ ಕೆಸ್ಲರ್ ಜೆಲ್ ಚೀಲಗಳ ಬಳಕೆಯನ್ನು ನಿಲ್ಲಿಸಿ, ಏಪ್ರಿಲ್‌ನಲ್ಲಿ ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರು ಮುಂತಾದವರಿಗೆ ಮಾತ್ರ, ಅದೂ ಅಧ್ಯಯನದ ಚೌಕಟ್ಟಿನಲ್ಲಿ, ಅವಕಾಶ ಕೊಟ್ಟ. ಉಳಿದವರಿಗೆ ಉಪ್ಪುನೀರು ತುಂಬಿದ ಚೀಲಗಳೇ ಗತಿಯಾದವು. 1994ರಲ್ಲಿ 425 ಕೋಟಿ ಡಾಲರ್‌ಗಳ ಸಾಮೂಹಿಕ ಒಪ್ಪಂದವಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಮಹಿಳೆಯರು ಹೆಸರು ಬರೆಸಿದರು. 1995ರ ಮೇ ತಿಂಗಳಲ್ಲಿ ಡೌ ಕಾರ್ನಿಂಗ್ ದಿವಾಳಿ ಅರ್ಜಿ ಹಾಕಿತು. ಒಪ್ಪಂದ ಕುಸಿಯಿತು.

ವಿಜ್ಞಾನದ ಉತ್ತರ ತಡವಾಗಿ ಬಂತು, ಬಂದಾಗ ವಾದಿಗಳಿಗೆ ಹಿಡಿಸಲಿಲ್ಲ. 1994ರಲ್ಲಿ ಮೇಯೋ ಕ್ಲಿನಿಕ್ ಇಂಪ್ಲಾಂಟ್ ಇದ್ದ 749 ಮಹಿಳೆಯರನ್ನು ಇಲ್ಲದ 1,498 ಮಹಿಳೆಯರೊಡನೆ ಹೋಲಿಸಿ ನೋಡಿ, ಅಂತಹ ಕಾಯಿಲೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಲ್ಲ ಅಧ್ಯಯನಗಳನ್ನೂ ಜಾಲಾಡಿ ಅದೇ ತೀರ್ಮಾನಕ್ಕೆ ಬಂತು. ಪತ್ರಿಕೆಗಳು ಇದನ್ನು ಕಂಪನಿಗಳ ಗೆಲುವೆಂದು ಬರೆದವು. ಆದರೆ ಆ ವರದಿಯ ಇನ್ನೊಂದು ಮಾತು ಅಷ್ಟಾಗಿ ಓದುಗರನ್ನು ಮುಟ್ಟಲಿಲ್ಲ: ನಿಜವಾದ ಸುರಕ್ಷತೆಯ ಪ್ರಶ್ನೆ ಇರುವುದು ಸ್ತನದಲ್ಲೇ ಆಗುವ ತೊಂದರೆಗಳಲ್ಲಿ, ಬಿಗಿತ, ಒಡಕು, ಸೋಂಕು ಮತ್ತು ಅವುಗಳಿಗಾಗಿ ಮತ್ತೆ ಮತ್ತೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಎಂಬುದು. ಮೇಯೋ ಕ್ಲಿನಿಕ್ಕೇ 1997ರಲ್ಲಿ ಅದೇ 749 ಮಹಿಳೆಯರ ಕಡತಗಳನ್ನು ಮತ್ತೆ ತೆರೆದು ನೋಡಿದಾಗ 178 ಮಂದಿಗೆ ಇಂತಹ ತೊಂದರೆಗಾಗಿ ಮರು ಶಸ್ತ್ರಚಿಕಿತ್ಸೆಯಾಗಿತ್ತು. ಅಂದಕ್ಕಾಗಿ ಹಾಕಿಸಿಕೊಂಡವರಲ್ಲಿ ಐದು ವರ್ಷಗಳೊಳಗೆ ಶೇಕಡ 12 ಮಂದಿಗೆ, ಕ್ಯಾನ್ಸರಿನಿಂದ ಸ್ತನ ತೆಗೆಸಿಕೊಂಡು ಹಾಕಿಸಿಕೊಂಡವರಲ್ಲಿ ಶೇಕಡ 34 ಮಂದಿಗೆ. ಒಂದು ಭಯಂಕರ ರೋಗವನ್ನು ದಾಟಿ ಬಂದವರಿಗೇ ಮೂರು ಪಾಲು ಹೆಚ್ಚು ಕಷ್ಟ. ವಿಕಿರಣ ಚಿಕಿತ್ಸೆಯಾದ ಚರ್ಮ ಗಟ್ಟಿಯಾಗಿರುವುದೂ, ಸ್ತನ ತೆಗೆದ ಮೇಲೆ ಚೀಲದ ಮೇಲೆ ಹೊದಿಕೆಗೆ ಮಾಂಸವಿಲ್ಲದಿರುವುದೂ ಇದಕ್ಕೆ ಕಾರಣ. ಹದಿನೈದು ವರ್ಷ ಅಮೆರಿಕ ಒಂದು ಪ್ರಶ್ನೆಯ ಮೇಲೆ ಜಗಳವಾಡಿದರೆ, ಉತ್ತರ ಗೊತ್ತಿದ್ದ ಇನ್ನೊಂದು ಪ್ರಶ್ನೆ ಮೂಲೆಯಲ್ಲೇ ಕುಳಿತಿತ್ತು. 2006ರ ನವೆಂಬರಿನಲ್ಲಿ ಜೆಲ್ ಚೀಲಗಳಿಗೆ ಅಲ್ಲಿ ಮತ್ತೆ ಅನುಮತಿ ಸಿಕ್ಕಿತು.

ಡೌ ಕಾರ್ನಿಂಗ್ ದಿವಾಳಿಯಿಂದ ಹೊರಬಂದು ಪರಿಹಾರ ಹಂಚತೊಡಗಿದ್ದು 2004ರಲ್ಲಿ. ಚೀಲ ತೆಗೆಸಿಕೊಂಡದ್ದಕ್ಕೆ ಆ ಯೋಜನೆ ಕೊಡುತ್ತಿದ್ದ ಮೊತ್ತ 5,000 ಡಾಲರ್.

ಮೆರುಗಿನ ಡಬ್ಬಿ, ಅಗ್ಗದ ಜೆಲ್

ಯೂರೋಪಿನ ಕಥೆ ಬೇರೆ ತರಹದ್ದು. ಅಲ್ಲಿ ವಿಜ್ಞಾನದ ಅನುಮಾನವಿರಲಿಲ್ಲ, ನೇರ ಮೋಸವಿತ್ತು. ದಕ್ಷಿಣ ಫ್ರಾನ್ಸಿನ ಸಮುದ್ರ ತೀರದ ಲಾ ಸೇನ್ ಸುರ್ ಮೇರ್ ಎಂಬ ಊರಿನಲ್ಲಿ ಝಾನ್ ಕ್ಲೋಡ್ ಮಾಸ್ ಎಂಬಾತ 1991ರಲ್ಲಿ ಪಿಐಪಿ ಎಂಬ ಕಂಪನಿ ತೆರೆದ. ವೈದ್ಯಕೀಯ ದರ್ಜೆಯ ಸಿಲಿಕೋನಿಗೆ ಬದಲು ಕೈಗಾರಿಕೆಗಳಲ್ಲಿ ಬಳಸುವ ಅಗ್ಗದ ಸಿಲಿಕೋನನ್ನು ಬೆರೆಸಿ ಜೆಲ್ ಮಾಡಿ ತುಂಬಿದ. ತಪಾಸಣೆ ನಡೆಸಿ ಪ್ರಮಾಣಪತ್ರ ಕೊಡುತ್ತಿದ್ದ ಜರ್ಮನಿಯ ಸಂಸ್ಥೆ ಬರುವ ದಿನವನ್ನು ಮೊದಲೇ ತಿಳಿಸಿಯೇ ಬರುತ್ತಿತ್ತು. ಬರುವ ಹೊತ್ತಿಗೆ ಅಗ್ಗದ ಮಾಲೂ ಅದರ ಕಾಗದಪತ್ರಗಳೂ ಕಣ್ಮರೆಯಾಗುತ್ತಿದ್ದವು. ಚೀಲಗಳು ಬೇಗ ಒಡೆಯುತ್ತಿವೆಯೆಂದು ಮಾರ್ಸೇ ನಗರದ ಶಸ್ತ್ರವೈದ್ಯರಿಂದ ದೂರು ಹೋದ ಮೇಲೆ 2010ರ ಮಾರ್ಚ್‌ನಲ್ಲಿ ಸರ್ಕಾರಿ ತನಿಖಾಧಿಕಾರಿಗಳು ಕಾರ್ಖಾನೆಗೆ ನುಗ್ಗಿದರು. ಅಷ್ಟು ಹೊತ್ತಿಗೆ ಸುಮಾರು 65 ದೇಶಗಳಲ್ಲಿ ಮೂರರಿಂದ ನಾಲ್ಕು ಲಕ್ಷ ಮಹಿಳೆಯರ ಎದೆಯಲ್ಲಿ ಈ ಚೀಲಗಳಿದ್ದವು. ಫ್ರಾನ್ಸೊಂದರಲ್ಲೇ 30 ಸಾವಿರ.

2011ರ ಡಿಸೆಂಬರಿನಲ್ಲಿ ಫ್ರೆಂಚ್ ಸರ್ಕಾರ ಎಲ್ಲರೂ ಮುನ್ನೆಚ್ಚರಿಕೆಗಾಗಿ ತೆಗೆಸಿಕೊಳ್ಳಿ ಎಂದಿತು. ಬ್ರಿಟನ್ ಅದಕ್ಕೆ ಒಪ್ಪಲಿಲ್ಲ. ಅಲ್ಲಿ ನಡೆದ ಪರಿಶೀಲನೆ 2012ರಲ್ಲಿ, ಈ ಚೀಲಗಳು ಇತರ ಚೀಲಗಳಿಗಿಂತ ಎರಡರಿಂದ ಆರು ಪಟ್ಟು ಹೆಚ್ಚಾಗಿ ಒಡೆಯುತ್ತವೆ, ಆದರೆ ಜೆಲ್ ವಿಷವಲ್ಲ ಎಂದು ಹೇಳಿತು. ಈಗ ಎದ್ದ ಪ್ರಶ್ನೆ ತಿದ್ದುವ ಖರ್ಚು ಯಾರದೆಂಬುದು. ಫ್ರಾನ್ಸಿನಲ್ಲಿ ತೆಗೆಯುವ ಖರ್ಚನ್ನು ಸರ್ಕಾರಿ ವಿಮೆ ಎಲ್ಲರಿಗೂ ಕೊಟ್ಟಿತು. ಹೊಸದನ್ನು ಇಡುವ ಖರ್ಚು ಕ್ಯಾನ್ಸರ್ ರೋಗಿಗಳಿಗೆ ಮಾತ್ರ. ಬ್ರಿಟನ್ನಿನಲ್ಲಿ ಚೀಲಗಳಿದ್ದ ಸುಮಾರು 47 ಸಾವಿರ ಮಂದಿಯಲ್ಲಿ ಹೆಚ್ಚಿನವರು ಖಾಸಗಿ ಚಿಕಿತ್ಸಾಲಯಗಳಲ್ಲಿ ಹಾಕಿಸಿಕೊಂಡವರು. ಆ ಚಿಕಿತ್ಸಾಲಯ ಬಾಗಿಲು ಹಾಕಿದ್ದರೆ ಅಥವಾ ಕೈ ಕೊಡವಿದರೆ ಸರ್ಕಾರಿ ಆಸ್ಪತ್ರೆ ಚೀಲವನ್ನು ತೆಗೆದುಕೊಡುತ್ತದೆ, ಬದಲಿ ಇಡುವುದಿಲ್ಲ ಎಂಬುದು ಇಂಗ್ಲೆಂಡಿನ ನಿಯಮ. ವೇಲ್ಸ್ ಮಾತ್ರ ಬದಲಿಯನ್ನೂ ಇಟ್ಟುಕೊಡುತ್ತೇವೆಂದಿತು. ಬದಲಿಯೆಂದರೆ ವೈಯಾರವೆಂದು ತಿಳಿದವರಿಗೆ ಒಂದು ಮಾತು ಹೊಳೆದಿರಲಾರದು. ವರ್ಷಗಟ್ಟಲೆ ಚೀಲದಿಂದ ಹಿಗ್ಗಿದ ಚರ್ಮ, ಚೀಲ ತೆಗೆದ ಕೂಡಲೇ ಹಿಂದಿನ ಸ್ಥಿತಿಗೆ ಮರಳುವುದಿಲ್ಲ, ಜೋತು ಬೀಳುತ್ತದೆ. ಬರೀ ತೆಗೆಯುವುದೆಂದರೆ ಮೊದಲಿಗಿಂತ ಹೆಚ್ಚಿನ ವಿಕಾರದೊಡನೆ ಮನೆಗೆ ಕಳಿಸುವುದು.

ಮಾಸ್‌ನ ವಿಚಾರಣೆ 2013ರಲ್ಲಿ ಮಾರ್ಸೇಯಲ್ಲಿ ನಡೆಯಿತು. ಐದು ಸಾವಿರಕ್ಕೂ ಹೆಚ್ಚು ಮಹಿಳೆಯರು ವಾದಿಗಳಾಗಿದ್ದುದರಿಂದ ನ್ಯಾಯಾಲಯದ ಕಟ್ಟಡ ಸಾಲದೆ ವಸ್ತುಪ್ರದರ್ಶನ ನಡೆಯುವ ಸಭಾಂಗಣದಲ್ಲಿ ಕಲಾಪ ನಡೆಸಬೇಕಾಯಿತು. ನಾಲ್ಕು ವರ್ಷ ಸೆರೆ, 75 ಸಾವಿರ ಯೂರೋ ದಂಡವಾಯಿತು. ಆತ 2019ರಲ್ಲಿ ಸತ್ತ. ಕಂಪನಿ ದಿವಾಳಿಯಾಗಿದ್ದುದರಿಂದ ಮಹಿಳೆಯರು ಪ್ರಮಾಣಪತ್ರ ಕೊಟ್ಟ ಜರ್ಮನ್ ಸಂಸ್ಥೆಯ ಬೆನ್ನು ಹತ್ತಿದರು. 2021ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಆ ಸಂಸ್ಥೆಯ ನಿರ್ಲಕ್ಷ್ಯವನ್ನು ಎತ್ತಿಹಿಡಿಯಿತು. ಮುಂಚಿತವಾಗಿ ತಿಳಿಸದೆ ತಪಾಸಣೆ ಮಾಡಬೇಕೆಂಬ ನಿಯಮವೂ ಸೇರಿದಂತೆ ಯೂರೋಪಿನ ವೈದ್ಯಕೀಯ ಸಾಧನಗಳ ಹೊಸ ಕಾನೂನು 2017ರಲ್ಲಿ ಬಂದದ್ದಕ್ಕೆ ಈ ಹಗರಣ ದೊಡ್ಡ ಪ್ರೇರಣೆ.

ಹಾಗಾದರೆ ಇಂದು ತೊಂದರೆಯಾದವರಿಗೆ ವೈದ್ಯರು ಏನು ಮಾಡುತ್ತಾರೆ? ಮೊದಲು ಒಳಗೆ ಏನಾಗಿದೆಯೆಂದು ನೋಡಬೇಕು. ಒಡೆದ ಚೀಲವನ್ನು ಪತ್ತೆ ಮಾಡಲು ಎಂಆರ್‌ಐ ಸ್ಕ್ಯಾನ್ ಉತ್ತಮ. ಕುಸಿದ ರಬ್ಬರ್ ಚೀಲ ಜೆಲ್ಲಿನಲ್ಲಿ ಮಡಿಕೆ ಮಡಿಕೆಯಾಗಿ ತೇಲುವ ಚಿತ್ರಕ್ಕೆ ವೈದ್ಯರು ಇಟಲಿಯ ಚಪ್ಪಟೆ ಶ್ಯಾವಿಗೆಯೊಂದರ ಹೆಸರಿಟ್ಟಿದ್ದಾರೆ. ಬಿಗಿದ ಪೊರೆಯನ್ನು ಈಗ ಅಮುಕುವುದಿಲ್ಲ. ತೆರೆದು ಅಲ್ಲಲ್ಲಿ ಸೀಳಿ ಸಡಿಲಿಸುತ್ತಾರೆ, ಹೆಚ್ಚಾಗಿ ಪೂರ್ತಿಯೇ ಬಿಡಿಸಿ ತೆಗೆಯುತ್ತಾರೆ. ಚೀಲ ಎದೆಯ ಸ್ನಾಯುವಿನ ಮೇಲಿದ್ದರೆ ಹೊಸದನ್ನು ಸ್ನಾಯುವಿನ ಕೆಳಗೆ ಹೊಸ ಜಾಗ ಮಾಡಿ ಇಡುವುದುಂಟು. ಚೀಲ ಕೆಳಕ್ಕೆ ಜಾರಿದ್ದರೆ ಒಳಗಿನಿಂದ ಹೊಲಿದು ಅಂಚು ಕಟ್ಟಬೇಕು. ಎರಡೂ ಕಡೆಯವು ನಡುವಿಗೆ ಬಂದು ಕೂಡಿಕೊಂಡಿದ್ದರೆ ಅದು ಇನ್ನೂ ಕಷ್ಟದ ಕೆಲಸ. ಪೊರೆ ಬಿಗಿಯುವುದಕ್ಕೆ ಚೀಲದ ಮೇಲೆ ತೆಳುವಾಗಿ ಅಂಟಿಕೊಳ್ಳುವ ಬ್ಯಾಕ್ಟೀರಿಯಾದ ಪದರವೂ ಒಂದು ಕಾರಣವೆಂದು ತಿಳಿದಿರುವುದರಿಂದ ಜಾಗವನ್ನು ಔಷಧಿಯ ನೀರಿನಿಂದ ತೊಳೆದು, ಚೀಲ ಚರ್ಮಕ್ಕೆ ತಾಗದಂತೆ ಒಳಗೆ ಜಾರಿಸುತ್ತಾರೆ. ಇಷ್ಟೆಲ್ಲ ಆದರೂ ಒಮ್ಮೆ ಬಿಗಿದವರಲ್ಲಿ ಮತ್ತೊಮ್ಮೆ ಬಿಗಿಯುವ ಸಂಭವ ಹೊಸಬರಿಗಿಂತ ಹೆಚ್ಚು. ಮರು ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಎಂದೂ ಕಠಿಣ. ಪ್ರತಿ ಸಲವೂ ಉಳಿಯುವ ಮಾಂಸ ಕಡಿಮೆ.

ಸೋತು ಸಾಕಾದವರಿಗೆ ಉಳಿದಿರುವ ದಾರಿ ಚೆರ್ನಿ 1895ರಲ್ಲಿ ಹಿಡಿದದ್ದೇ: ತನ್ನ ಮೈಯ ಮಾಂಸ. 1906ರಲ್ಲಿ ಇಟಲಿಯ ತಾನ್ಸಿನಿ ಬೆನ್ನಿನ ಸ್ನಾಯುವನ್ನು ಚರ್ಮಸಹಿತ ಎದೆಗೆ ತಿರುಗಿಸಿದ. 1982ರಲ್ಲಿ ಅಮೆರಿಕದ ಕಾರ್ಲ್ ಹಾರ್ಟ್‌ರ‍್ಯಾಂಪ್ ಹೊಟ್ಟೆಯ ಮಾಂಸದಿಂದ ಸ್ತನ ಕಟ್ಟುವ ವಿಧಾನ ಪ್ರಕಟಿಸಿದ. ರಕ್ತನಾಳದೊಡನೆ ಮಾಂಸವನ್ನು ಸರಿಸುವ ಈ ವಿದ್ಯೆಯ ಬೇರು ಹುಡುಕಿದರೆ ನಮ್ಮ ನಾಡಿನ ಚರಿತ್ರೆಯೊಂದು ತುಂಡೂ ಸಿಗುತ್ತದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಯವನೆಂದು ವರದಿಯಾದ ಒಬ್ಬ ವೈದ್ಯ ಆತನ ಹಣೆಯ ಚರ್ಮವನ್ನು ಕೆಳಗೆ ತಿರುಗಿಸಿ ಹೊಸ ಮೂಗು ಕಟ್ಟಿದ. ಇದರ ಸಚಿತ್ರ ವರದಿ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಬಂದು, ಇಪ್ಪತ್ತು ವರ್ಷಗಳ ಮೇಲೆ ಕಾರ್ಪ್ಯೂ ಎಂಬ ವೈದ್ಯ ಅಲ್ಲಿ ಇದನ್ನು ಮಾಡಿ ತೋರಿಸಿದ. ಹಣೆಯ ಚರ್ಮ ಮೂಗಿಗೆ ಮುಳ್ಳಲ್ಲ. ಅದರ ಸುತ್ತ ದೇಹ ಗೋಡೆ ಕಟ್ಟುವುದಿಲ್ಲ. ಹೊಟ್ಟೆಯ ಮಾಂಸದ ಸ್ತನವೂ ಹಾಗೆಯೇ. ಆದರೆ ಶಸ್ತ್ರಚಿಕಿತ್ಸೆ ಹಲವು ಗಂಟೆಗಳದ್ದು, ಗಾಯ ಎರಡು ಕಡೆ, ಪರಿಣತರು ಕಡಿಮೆ, ಖರ್ಚು ಜಾಸ್ತಿ.

ಏನನ್ನೂ ಮತ್ತೆ ಇಡಿಸಿಕೊಳ್ಳದೆ ಬರೀ ತೆಗೆಸಿಕೊಳ್ಳುವವರೂ ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಹಲವರು ಹೇಳುವುದು ಸುಸ್ತು, ಮರೆವು, ಕೀಲುನೋವು, 1990ರ ದಶಕದ ವಾದಿಗಳು ಹೇಳಿದ್ದೇ. ಪರೀಕ್ಷೆಗಳಲ್ಲಿ ಇಂತಹದೇ ರೋಗವೆಂದು ಹೆಸರಿಡಲು ಏನೂ ಸಿಗುವುದಿಲ್ಲ, ಆದರೂ ತೆಗೆಸಿಕೊಂಡ ಮೇಲೆ ಕೆಲವರಿಗೆ ಹಗುರವಾಗುತ್ತದೆಂಬುದನ್ನು ಅಮೆರಿಕದ ಆಡಳಿತ ಈಗ ಒಪ್ಪಿಕೊಂಡಿದೆ. ಚೀಲವನ್ನು ಪೊರೆಯೊಡನೆ ಇಡಿಯಾಗಿಯೇ ತೆಗೆಯಬೇಕೆಂದು ಅಂಥವರ ಪಟ್ಟು. ಪೊರೆ ಕೆಲವೆಡೆ ಪಕ್ಕೆಲುಬಿಗೆ ಅಂಟಿಕೊಂಡಿದ್ದು, ಅದರಾಚೆಗೇ ಶ್ವಾಸಕೋಶವಿರುವುದರಿಂದ ಕ್ಯಾನ್ಸರಿನ ಅನುಮಾನವಿಲ್ಲದಾಗ ಅಷ್ಟು ಅಪಾಯ ಬೇಡವೆಂದು ಅನೇಕ ಶಸ್ತ್ರವೈದ್ಯರ ಮಾತು. ಈ ಜಗ್ಗಾಟ ಇನ್ನೂ ಮುಗಿದಿಲ್ಲ.

2021ರ ಅಕ್ಟೋಬರಿನಲ್ಲಿ ಅಮೆರಿಕದ ಆಡಳಿತ ಇಂಪ್ಲಾಂಟ್ ಡಬ್ಬಿಯ ವಿವರಪತ್ರದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಇವು ಜೀವಮಾನವಿಡೀ ಬಾಳುವ ಸಾಧನಗಳಲ್ಲ, ಇಟ್ಟುಕೊಂಡಷ್ಟು ಕಾಲ ತೊಂದರೆಯ ಸಂಭವ ಹೆಚ್ಚುತ್ತದೆ, ಕೆಲವಕ್ಕೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂಬುದು ಅದರ ಸಾರ. ಅಂದಕ್ಕಾಗಿ ಹಾಕಿಸಿಕೊಂಡ ಐವರಲ್ಲಿ ಒಬ್ಬರು ಎಂಟು ಹತ್ತು ವರ್ಷಗಳಲ್ಲಿ ತೆಗೆಸಬೇಕಾಗುತ್ತದೆಂಬುದು ಅದೇ ಆಡಳಿತದ ಲೆಕ್ಕ. ಇದರ ಜೊತೆಗೆ ಒಂದು ಪಟ್ಟಿಯೂ ಬಂದಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯ ಅದನ್ನು ರೋಗಿಯ ಕೈಗೆ ಕೊಟ್ಟು, ಒಂದೊಂದು ಅಪಾಯವನ್ನೂ ಓದಿಸಿ, ಇಬ್ಬರೂ ಸಹಿ ಹಾಕಲು ಅವಕಾಶವಾಗಬೇಕು. ಆ ಅವಕಾಶವಿಲ್ಲದ ವೈದ್ಯರಿಗೆ ಕಂಪನಿ ಚೀಲವನ್ನು ಮಾರುವಂತಿಲ್ಲ.